ಅಂತಿಯೋಕ್ಯದ ಊಟ

ನಾವು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೇರಿಗೆ ಒಬ್ಬರು ದೊಡ್ಡ ಮನುಷ್ಯರು ಬಂದಿದ್ದರು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಮೈಕು ಕಟ್ಟಿದ್ದರು. ಮನುಷ್ಯರೆಲ್ಲ ಒಂದೇ, ರಕ್ತದ ಬಣ್ಣ ಒಂದೇ ಅಂತ ಅವರು ಒಂದು ಗಂಟೆ ಹೊತ್ತು ಮಾತಾಡಿದರು. ಚಪ್ಪಾಳೆ ಹೊಡೆದು ಹೊಡೆದು ನಮ್ಮ ಕೈ ಉರಿಯಿತು. ಮಾತು ಮುಗಿದ ಮೇಲೆ ನಮ್ಮವ್ವ ಹೊಸ ಸ್ಟೀಲ್ ತಟ್ಟೆಯಲ್ಲಿ ಮುದ್ದೆ, ಅವರೆಕಾಳು ಸಾರು ಇಟ್ಟುಕೊಂಡು ಬಂದಳು. ಆ ತಟ್ಟೆಯನ್ನು ಸಂತೆಯಿಂದ ತಂದದ್ದೇ ಅದಕ್ಕೆ. ದೊಡ್ಡ ಮನುಷ್ಯರು ಕೈಮುಗಿದು, ಇವತ್ತು ಒಪ್ಪತ್ತು ತಾಯಿ ಅಂದರು. ಜೀಪು ಹತ್ತಿದರು. ಅದೇ ಜೀಪು ಊರೊಳಗೆ ಯಾರ ಮನೆ ಮುಂದೆ ನಿಂತಿತ್ತು, ಒಳಗೆ ಎಷ್ಟು ಎಲೆ ಹಾಕಿದ್ದರು ಅನ್ನೋದನ್ನು ದನ ಹೊಡೆದುಕೊಂಡು ಬಂದ ಹುಡುಗರು ಸಂಜೆ ಹೇಳಿದರು.

ಅವತ್ತಿನಿಂದ ನಮಗೊಂದು ಚಟ ಅಂಟಿಕೊಂಡಿದೆ. ಯಾವ ಧರ್ಮ, ಯಾವ ಪಕ್ಷ, ಯಾವ ಸಂಘ 'ಎಲ್ಲರೂ ಬನ್ನಿ' ಅಂತ ಕರೆದರೂ ಊಟದ ಹೊತ್ತಿಗೆ ಏನಾಯಿತು ಅಂತ ಕೇಳುವ ಚಟ. ಕಾಲೇಜಿನಲ್ಲಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನ ಟ್ರಂಕಿನಲ್ಲಿ ಒಂದು ಹೊಸ ಒಡಂಬಡಿಕೆ ಸಿಕ್ಕಿತು. ಅದರಲ್ಲಿ ಗಲಾತ್ಯ ಸೀಮೆಯವರಿಗೆ ಪೌಲ ಬರೆದ ಆರು ಅಧ್ಯಾಯದ ಪತ್ರ ಓದಿದೆವು. ಎರಡನೇ ಅಧ್ಯಾಯದಲ್ಲಿ ಒಬ್ಬ ಮನುಷ್ಯ ಊಟದ ಪಂಕ್ತಿಯಿಂದ ಎದ್ದು ಹೋಗುತ್ತಾನೆ. ಅವನೂ ದೊಡ್ಡ ಮನುಷ್ಯನೇ. ಯೇಸುವಿನ ಶಿಷ್ಯರಲ್ಲಿ ಮೊದಲಿಗ, ಪೇತ್ರ. ಓದುತ್ತಿದ್ದ ನಮಗೆ ಜೀಪಿನ ಸದ್ದು ಕೇಳಿಸಿತು.

ಈ ಬರಹ ಆ ಊಟದ ಬಗ್ಗೆ. ಯೆಹೂದ್ಯರಲ್ಲದವರು ಕ್ರೈಸ್ತ ರಕ್ಷಣೆಯ ಬಾಗಿಲೊಳಗೆ ಹೇಗೆ ಬಂದರು, ಬಂದ ಮೇಲೆ ಅವರು ಏನು ಮಾಡಿದರು ಅನ್ನೋದರ ಬಗ್ಗೆ.

1

ಕ್ರೈಸ್ತ ಧರ್ಮ ಹುಟ್ಟಿದಾಗಲೇ ಲೋಕದ ಎಲ್ಲ ಜನಕ್ಕೂ ಬಾಗಿಲು ತೆರೆದಿತ್ತು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಚರಿತ್ರೆ ಅಷ್ಟು ಸಲೀಸಾಗಿಲ್ಲ. ಯೇಸು ಯೆಹೂದ್ಯ. ಅವನ ಹನ್ನೆರಡು ಜನ ಶಿಷ್ಯರೂ ಯೆಹೂದ್ಯರೇ. ಅವನು ಸುಮಾರು ಕ್ರಿ.ಶ. 30ರಲ್ಲಿ ಶಿಲುಬೆಗೇರಿದ ಮೇಲೆ ಅವನನ್ನು ನಂಬಿದವರು ಯೆರೂಸಲೇಮಿನ ದೇವಾಲಯಕ್ಕೇ ಹೋಗುತ್ತಿದ್ದರು, ಮೋಶೆಯ ಧರ್ಮಶಾಸ್ತ್ರವನ್ನೇ ಪಾಲಿಸುತ್ತಿದ್ದರು. ಹೊಸ ಧರ್ಮ ಕಟ್ಟುತ್ತಿದ್ದೇವೆ ಅಂತ ಅವರಿಗೆ ಅನ್ನಿಸಿರಲಿಲ್ಲ. ಯೆಹೂದ್ಯರಲ್ಲದವನು ತಮ್ಮ ಜೊತೆ ಸೇರಬೇಕೆಂದರೆ ಅವನು ಮೊದಲು ಯೆಹೂದ್ಯನಾಗಬೇಕೆ? ಸುನ್ನತಿ ಮಾಡಿಸಿಕೊಳ್ಳಬೇಕೆ? ಈ ಪ್ರಶ್ನೆ ಎದ್ದು ನಿಂತದ್ದು ಆಮೇಲೆ.

ಕನ್ನಡದ ಬೈಬಲ್ಲಿನಲ್ಲಿ ಹೊರಗಿನವರಿಗೆ 'ಅನ್ಯಜನರು' ಅನ್ನುವ ಹೆಸರಿದೆ. ಇಬ್ರಿಯದಲ್ಲಿ 'ಗೋಯೀಂ', ಗ್ರೀಕಿನಲ್ಲಿ 'ಎಥ್ನೆ'. ಎರಡಕ್ಕೂ ಬರೀ ಜನಾಂಗಗಳು ಅಂತಷ್ಟೇ ಅರ್ಥ. ಒಬ್ಬ ಸಿರಿಯದವನು ತನ್ನನ್ನು ತಾನು ಅನ್ಯಜನ ಅಂತ ಕರೆದುಕೊಂಡಿರಲಾರ. ಅವನು ಅವನ ಊರಿನವನು, ಅವನ ದೇವರ ಒಕ್ಕಲು. ಈ ಹೆಸರು ಇನ್ನೊಬ್ಬರು ಇಟ್ಟದ್ದು. ಯಾರೋ ಇಟ್ಟ ಹೆಸರಿನಲ್ಲಿ ಬದುಕೋದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಗೆಳೆಯರೆ, ಇಲ್ಲಿ ಅವಸರ ಮಾಡಬಾರದು. ಅನ್ಯಜನ ಅಂದ ಕೂಡಲೇ ದಲಿತ ಅಂತ, ಯೆಹೂದ್ಯ ಅಂದ ಕೂಡಲೇ ಬ್ರಾಹ್ಮಣ ಅಂತ ಓದಿಕೊಂಡರೆ ಚರಿತ್ರೆಗೂ ಅನ್ಯಾಯ, ಯೆಹೂದ್ಯರಿಗೂ ಅನ್ಯಾಯ. ಅವತ್ತು ಆಳುತ್ತಿದ್ದವರು ಅನ್ಯಜನರು. ರೋಮಿನ ಕಾಲಾಳಿನ ಕೆಳಗೆ ಬಿದ್ದಿದ್ದವರು ಯೆಹೂದ್ಯರು. ಹೊರಗಿನವನು ಬೇಕೆಂದರೆ ಯೆಹೂದ್ಯನಾಗಬಹುದಿತ್ತು. ಹಾಗೆ ಆದವರೂ ಇದ್ದರು. ಸುನ್ನತಿ ಮಾಡಿಸಿಕೊಳ್ಳದೆ ಸಭಾಮಂದಿರದಲ್ಲಿ ಕೂತು ಪ್ರಾರ್ಥನೆ ಕೇಳುತ್ತಿದ್ದ 'ದೇವಭಕ್ತ' ಅನ್ಯಜನರೂ ಇದ್ದರು. ಜಾತಿಯ ಬಾಗಿಲಿಗೆ ಅಂಥ ಚಿಲಕವೇ ಇಲ್ಲ. ಯಾವ ಸಂಸ್ಕಾರ ಮಾಡಿಸಿಕೊಂಡರೂ ಹೊಲೆಯ ಬ್ರಾಹ್ಮಣನಾಗಲಾರ.

ಯೆಹೂದ್ಯರು ಸುನ್ನತಿ ಮತ್ತು ಊಟದ ಕಟ್ಟಳೆಗಳನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದರು? ಅದಕ್ಕೆ ನೆತ್ತರಿನ ಕಾರಣವಿದೆ. ಕ್ರಿ.ಪೂ. 167ರ ಸುಮಾರಿಗೆ ನಾಲ್ಕನೇ ಅಂತಿಯೋಕಸ್ ಅನ್ನುವ ಗ್ರೀಕ್ ದೊರೆ ಸುನ್ನತಿಯನ್ನು ನಿಷೇಧಿಸಿದ. ಮಗುವಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಲ್ಲಿಸಿದ ಅಂತಲೂ, ಹಂದಿಮಾಂಸ ತಿನ್ನದೆ ಪ್ರಾಣ ಬಿಟ್ಟವರಿದ್ದರು ಅಂತಲೂ ಮಕ್ಕಬಿಯರ ಪುಸ್ತಕಗಳು ಹೇಳುತ್ತವೆ. ಆ ದೊರೆಯ ರಾಜಧಾನಿ ಅಂತಿಯೋಕ್ಯ. ನಾವು ಹೇಳಹೊರಟ ಊಟ ನಡೆದದ್ದೂ ಅದೇ ಊರಿನಲ್ಲಿ. ಆಮೇಲೆ ಕ್ರಿ.ಶ. 39-40ರಲ್ಲಿ ರೋಮಿನ ಚಕ್ರವರ್ತಿ ಕಲಿಗುಲ ಯೆರೂಸಲೇಮಿನ ದೇವಾಲಯದೊಳಗೆ ತನ್ನ ವಿಗ್ರಹ ನಿಲ್ಲಿಸಿ ಅಂತ ಹುಕುಂ ಮಾಡಿದ. ಜನ ಹೊಲ ಬಿತ್ತದೆ ಬಂದು ಅಧಿಕಾರಿಯ ಮುಂದೆ ಕತ್ತು ಕೊಟ್ಟು ಕೂತರು. 41ರಲ್ಲಿ ಕಲಿಗುಲ ಕೊಲೆಯಾದ್ದರಿಂದ ಆ ಹುಕುಂ ನಿಂತಿತು. ಹೀಗೆ ಪ್ರಾಣ ಕೊಟ್ಟು ಉಳಿಸಿಕೊಂಡ ಗುರುತುಗಳನ್ನು ಸುಮ್ಮನೆ ಬಿಟ್ಟುಬಿಡಿ ಅಂದರೆ ಯಾವ ಜನ ಬಿಟ್ಟಾರು?

ಹೊರಗಿನವರಿಗೆ ಒಂದು ಗೋಡೆಯೂ ಇತ್ತು. ಯೆರೂಸಲೇಮಿನ ದೇವಾಲಯದ ಹೊರ ಅಂಗಳದ ತನಕ ಯಾರು ಬೇಕಾದರೂ ಬರಬಹುದಿತ್ತು. ಅದರಾಚೆ ಕಲ್ಲಿನ ಒಂದು ಗಿಡ್ಡ ಗೋಡೆ. ಅದನ್ನು ದಾಟಿ ಬಂದ ಪರಜನಾಂಗದವನು ತನ್ನ ಸಾವಿಗೆ ತಾನೇ ಹೊಣೆ ಅಂತ ಎಚ್ಚರಿಸುವ ಗ್ರೀಕ್ ಶಾಸನಗಳು ಅಲ್ಲಿದ್ದವು. ಅಂಥ ಒಂದು ಕಲ್ಲು 1871ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗನೋ ಅವರಿಗೆ ಸಿಕ್ಕಿತು. ಈಗ ಅದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಯೆಹೂದ್ಯರ ಗ್ರಂಥಗಳ ಒಳಗೇ ಈ ಗೋಡೆಯ ಜೊತೆ ಜಗಳವಾಡಿದ ದನಿಗಳೂ ಇದ್ದವು. ಪರದೇಶದವನನ್ನೂ ನಪುಂಸಕನನ್ನೂ ಒಳಗೆ ಕರೆದು, ದೇವರ ಮನೆ ಎಲ್ಲ ಜನಾಂಗಗಳಿಗೂ ಪ್ರಾರ್ಥನೆಯ ಮನೆ ಅಂದವನು ಯೆಶಾಯನ ಪುಸ್ತಕದ ಪ್ರವಾದಿ. ದಾವೀದ ರಾಜನ ಮುತ್ತಜ್ಜಿ ರೂತ್ ಮೋವಾಬಿನ ಹೆಂಗಸು. ಅನ್ಯಜನರಿಗೆ ಬಾಗಿಲು ತೆರೆಯುವ ಮಾತು ಯೆಹೂದ್ಯರ ವಿರುದ್ಧ ಎದ್ದದ್ದಲ್ಲ. ಅದು ಯೆಹೂದ್ಯರ ಒಳಗಿಂದಲೇ ಎದ್ದ ವಾದ. ಪೌಲನೂ ಪೇತ್ರನೂ ಅದರ ಎರಡು ತುದಿಗೆ ನಿಂತ ಯೆಹೂದ್ಯರೇ.

2

ಈ ವಾದವನ್ನು ಮೊದಲು ಗೆದ್ದವಳು ಒಬ್ಬ ಹೆಂಗಸು. ಅವಳ ಹೆಸರನ್ನು ಮಾರ್ಕನ ಸುವಾರ್ತೆ ಬರೆದಿಟ್ಟಿಲ್ಲ. ತೂರ್ ಸೀಮೆಯವಳು, ಗ್ರೀಕ್ ಮಾತಾಡುವವಳು, ಸಿರಿಯದ ಫಿನಿಷಿಯದವಳು ಅಂತ ಮಾತ್ರ ಹೇಳುತ್ತದೆ. ಮಗಳಿಗೆ ಕಾಯಿಲೆ. ಯೇಸುವಿನ ಕಾಲಿಗೆ ಬಿದ್ದಳು. ಯೇಸು ಕೊಟ್ಟ ಉತ್ತರ ಕೇಳಿದರೆ ಇವತ್ತಿಗೂ ಎದೆ ಚುಚ್ಚುತ್ತದೆ. ಮೊದಲು ಮಕ್ಕಳ ಹೊಟ್ಟೆ ತುಂಬಲಿ, ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕೋದು ಸರಿಯಲ್ಲ ಅನ್ನುವ ಅರ್ಥದ ಮಾತು. ಆ ತಾಯಿ ಅಳಲಿಲ್ಲ, ಎದ್ದು ಹೋಗಲೂ ಇಲ್ಲ. ಮೇಜಿನ ಕೆಳಗಿನ ನಾಯಿಗಳೂ ಮಕ್ಕಳು ಚೆಲ್ಲಿದ ಚೂರು ತಿನ್ನುತ್ತವಲ್ಲ ಅಂತ ತಿರುಗಿ ಕೇಳಿದಳು. ಯೇಸು ಸೋತ. ನಿನ್ನ ಈ ಮಾತಿನ ದೆಸೆಯಿಂದ ನಿನ್ನ ಮಗಳು ವಾಸಿಯಾದಳು ಅಂದ. ನಾಲ್ಕು ಸುವಾರ್ತೆಗಳಲ್ಲಿ ವಾದದಲ್ಲಿ ಯೇಸುವಿನ ಬಾಯಿ ಕಟ್ಟಿದವರನ್ನು ಹುಡುಕಿದರೆ ನಮಗೆ ಸಿಗೋದು ಇವಳೊಬ್ಬಳೇ.

ನಂಬುವವರು ಇದಕ್ಕೆ ಬೇರೆ ವಿವರಣೆ ಕೊಡುತ್ತಾರೆ. ಅವಳ ನಂಬಿಕೆಯನ್ನು ಪರೀಕ್ಷೆ ಮಾಡಿದ ಅನ್ನುತ್ತಾರೆ. ಇರಬಹುದು. ನಾವು ಎಂಜಲಿನ ಲೆಕ್ಕ ಗೊತ್ತಿರುವ ಮನೆಯವರು, ನಮಗೆ ಕಾಣೋದು ಇಷ್ಟು: ಮಾತು ಶುರುವಾದದ್ದೇ ಊಟದ ಮೇಜಿನಿಂದ. ಯಾರು ಮೇಜಿನ ಮೇಲೆ, ಯಾರು ಕೆಳಗೆ, ಯಾರು ಮೊದಲು, ಯಾರು ಆಮೇಲೆ. ರಕ್ಷಣೆಯ ಪ್ರಶ್ನೆ ಅವತ್ತೂ ಊಟದ ಪ್ರಶ್ನೆಯೇ ಆಗಿತ್ತು.

3

ಎರಡನೆಯ ಬಾಗಿಲು ತೆರೆದದ್ದು ಯೊಪ್ಪ ಅನ್ನುವ ಕಡಲತೀರದ ಊರಿನಲ್ಲಿ. 'ಅಪೊಸ್ತಲರ ಕೃತ್ಯಗಳು' ಅನ್ನುವ ಪುಸ್ತಕ ಇದನ್ನು ಹೇಳುತ್ತದೆ. ಪೇತ್ರ ಅಲ್ಲಿ ಇಳಿದುಕೊಂಡದ್ದು ಸೀಮೋನ ಅನ್ನುವ ಚರ್ಮ ಹದ ಮಾಡುವವನ ಮನೆಯಲ್ಲಿ. ಪುಸ್ತಕ ಆ ಕಸುಬನ್ನು ಮರೆಮಾಚೋದಿಲ್ಲ, ಮತ್ತೆ ಮತ್ತೆ ಹೇಳುತ್ತದೆ. ಮನೆ ಸಮುದ್ರದ ದಡದಲ್ಲಿತ್ತು ಅಂತಲೂ ಹೇಳುತ್ತದೆ. ಸುಮಾರು ಕ್ರಿ.ಶ. 200ರಲ್ಲಿ ಕೂಡಿಸಿದ ಯೆಹೂದ್ಯರ ಮಿಶ್ನಾ ಅನ್ನುವ ಕಟ್ಟಳೆ ಗ್ರಂಥದಲ್ಲಿ, ಚರ್ಮ ಹದ ಮಾಡುವ ಜಾಗ ಊರಿಂದ 50 ಮೊಳ ದೂರ ಇರಬೇಕು, ಅದೂ ಊರಿನ ಮೂಡಲಿಗೆ ಮಾತ್ರ ಅಂತ ಇದೆ. ಗಂಡನ ಈ ಕಸುಬಿನ ವಾಸನೆ ತಾಳಲಾರದ ಹೆಂಡತಿ ಬಿಡುಗಡೆ ಕೇಳಬಹುದು ಅಂತಲೂ ಇದೆ. ಇದು ಹುಟ್ಟಿನಿಂದ ಬಂದ ಮೈಲಿಗೆಯಲ್ಲ, ಕಸುಬಿನ ನಾತದ ಮಾತು. ಆದರೂ ಊರಾಚೆ ಊರಾಚೆಯೇ.

ಆ ಮನೆಯ ಮಾಳಿಗೆ ಮೇಲೆ ಹಸಿದು ಕೂತ ಪೇತ್ರನಿಗೆ ಒಂದು ದರ್ಶನವಾಗುತ್ತದೆ. ಆಕಾಶದಿಂದ ಒಂದು ಜೋಳಿಗೆಯಂಥ ಬಟ್ಟೆ ಇಳಿಯುತ್ತದೆ. ಅದರ ತುಂಬ ತಿನ್ನಬಾರದ ಪ್ರಾಣಿಗಳು. ಕೊಯ್ದು ತಿನ್ನು ಅನ್ನುವ ದನಿ. ಇವನು ಒಲ್ಲೆ ಅನ್ನುತ್ತಾನೆ. ಮೂರು ಸಲ ಹೀಗಾಗುತ್ತದೆ. ಅಷ್ಟರಲ್ಲಿ ಕೈಸರೈಯದಿಂದ ಕೊರ್ನೇಲ್ಯನ ಕಡೆಯ ಆಳುಗಳು ಬಂದು ಬಾಗಿಲಲ್ಲಿ ಕೂಗುತ್ತಾರೆ. ಪೇತ್ರ ಹೋಗುತ್ತಾನೆ, ಆ ಮನೆಯವರಿಗೆ ದೀಕ್ಷಾಸ್ನಾನ ಕೊಡಿಸುತ್ತಾನೆ. ಯೆರೂಸಲೇಮಿಗೆ ವಾಪಸು ಬಂದಾಗ ಅವನ ಮೇಲೆ ಬಂದ ದೂರು ಏನು ಗೊತ್ತೆ? ಯಾಕೆ ದೀಕ್ಷೆ ಕೊಟ್ಟೆ ಅಂತ ಅಲ್ಲ. ಸುನ್ನತಿಯಿಲ್ಲದವರ ಮನೆಗೆ ಹೋಗಿ ಅವರ ಜೊತೆ ಉಂಡೆಯಂತೆ ಅಂತ!

ಇಲ್ಲೂ ಒಂದು ಮಾತು ಮರೆಯಬಾರದು. ಈ ಕೊರ್ನೇಲ್ಯ ಬಡಪಾಯಿಯಲ್ಲ. ನೂರು ಜನ ಸೈನಿಕರ ಮೇಲಿನ ಶತಾಧಿಪತಿ, ಯೆಹೂದ್ಯರ ನೆಲವನ್ನು ತುಳಿದು ನಿಂತ ರೋಮನ್ ಸೇನೆಯ ಅಧಿಕಾರಿ. ಒಳಗೆ ಬಂದ ಅನ್ಯಜನರಲ್ಲಿ ಎಜಮಾನರೂ ಇದ್ದರು, ಗುಲಾಮರೂ ಇದ್ದರು. ಈ ಎರಡು ಮಾತನ್ನೂ ಒಟ್ಟಿಗೆ ಹಿಡಿದುಕೊಂಡೇ ಮುಂದೆ ಹೋಗಬೇಕು.

4

ಅಂತಿಯೋಕ್ಯ ಆಗಿನ ರೋಮ್ ಸಾಮ್ರಾಜ್ಯದಲ್ಲಿ ರೋಮ್, ಅಲೆಕ್ಸಾಂಡ್ರಿಯ ಬಿಟ್ಟರೆ ಅತಿ ದೊಡ್ಡ ನಗರ. ಒರೊಂಟೆಸ್ ನದಿಯ ದಡದ ಊರು. ಈಗ ತುರ್ಕಿ ದೇಶದ ಅಂತಾಕ್ಯ. 2023ರ ಫೆಬ್ರವರಿಯ ಭೂಕಂಪದಲ್ಲಿ ನೆಲಕಚ್ಚಿದ ಊರುಗಳಲ್ಲಿ ಅದೂ ಒಂದು. ಆ ಕಾಲಕ್ಕೆ ಅಲ್ಲಿ ಗ್ರೀಕರು, ಸಿರಿಯದವರು, ದೊಡ್ಡ ಸಂಖ್ಯೆಯ ಯೆಹೂದ್ಯರು ಎಲ್ಲ ಒಟ್ಟಿಗೆ ಬದುಕುತ್ತಿದ್ದರು. ಸ್ತೆಫನ ಅನ್ನುವವನನ್ನು ಯೆರೂಸಲೇಮಿನಲ್ಲಿ ಕಲ್ಲು ಹೊಡೆದು ಕೊಂದ ಮೇಲೆ ಊರು ಬಿಟ್ಟು ಓಡಿದವರಲ್ಲಿ ಕೆಲವರು ಇಲ್ಲಿಗೆ ಬಂದರು. ಇವರು ಸೈಪ್ರಸ್ ದ್ವೀಪದವರು, ಈಗಿನ ಲಿಬಿಯದಲ್ಲಿರುವ ಕುರೇನೆಯವರು. ಬಂದವರು ಸುಮ್ಮನಿರದೆ ಗ್ರೀಕರ ಜೊತೆಯೂ ಮಾತಾಡಿದರು. ಅವರ ಹೆಸರೂ ಪುಸ್ತಕದಲ್ಲಿಲ್ಲ. ಚರ್ಚು ಪೇತ್ರನಿಗೆ ಗುಡಿ ಕಟ್ಟಿತು, ಪೌಲನಿಗೆ ಗುಡಿ ಕಟ್ಟಿತು. ಅನ್ಯಜನರ ಒಂದು ಇಡೀ ಊರಿಗೆ ಬಾಗಿಲು ತೆಗೆದ ಈ ನಿರಾಶ್ರಿತರಿಗೆ ಒಂದು ಹೆಸರೂ ಉಳಿಯಲಿಲ್ಲ. 'ಕ್ರೈಸ್ತರು' ಅನ್ನುವ ಮಾತು ಮೊದಲು ಹುಟ್ಟಿದ್ದು ಈ ಊರಿನಲ್ಲೇ, ಈ ಬೆರಕೆ ಗುಂಪಿಗೇ.

ಇಲ್ಲಿ ಕೆಲಸ ಮಾಡಲು ಬಾರ್ನಬ ಬಂದ. ಅವನು ಪೌಲನನ್ನು ಕರೆತಂದ. ಪೌಲ ತಾರ್ಸದವನು, ಧರ್ಮಶಾಸ್ತ್ರ ಅರೆದು ಕುಡಿದ ಫರಿಸಾಯ, ಹಿಂದೆ ಇದೇ ಜನರನ್ನು ಅಟ್ಟಾಡಿಸಿದವನು. ಹೊಟ್ಟೆಪಾಡಿಗೆ ಡೇರೆ ಹೊಲಿಯುತ್ತಿದ್ದ. ಸುನ್ನತಿಯಿಲ್ಲದವರು ಇದ್ದ ಹಾಗೆಯೇ ಒಳಗೆ ಬರಬಹುದು ಅನ್ನೋದು ಇವರಿಬ್ಬರ ನಿಲುವು. ಜಗಳ ಎದ್ದಿತು. ಸುಮಾರು ಕ್ರಿ.ಶ. 48-49ರಲ್ಲಿ ಯೆರೂಸಲೇಮಿಗೆ ಹೋಗಿ ಯೇಸುವಿನ ತಮ್ಮ ಯಾಕೋಬ, ಪೇತ್ರ, ಯೋಹಾನರ ಜೊತೆ ಕೂತು ಮಾತಾಡಿದರು. ಪೌಲ ತನ್ನ ಜೊತೆ ತೀತ ಅನ್ನುವ ಗ್ರೀಕನನ್ನು ಬೇಕೆಂದೇ ಕರೆದುಕೊಂಡು ಹೋಗಿದ್ದ. ಅವನಿಗೆ ಸುನ್ನತಿ ಮಾಡಿಸಲೇಬೇಕು ಅಂತ ಹಟ ಹಿಡಿದವರ ಮಾತು ನಡೆಯಲಿಲ್ಲ. ಪೇತ್ರ ಯೆಹೂದ್ಯರ ಬಳಿ ಹೋಗೋದು, ಪೌಲ ಅನ್ಯಜನರ ಬಳಿ ಹೋಗೋದು, ಬಡವರನ್ನು ಮರೆಯಬಾರದು ಅಂತ ಒಪ್ಪಂದವಾಯಿತು. ಕೈಕೈ ಕುಲುಕಿದರು.

ಸಭೆ ಮುಗಿಯಿತು, ಠರಾವು ಪಾಸಾಯಿತು. ಇನ್ನು ಉಳಿದದ್ದು ಊಟ.

ಪೇತ್ರ ಅಂತಿಯೋಕ್ಯಕ್ಕೆ ಬಂದ. ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಉಂಡ. ಒಂದು ದಿನವಲ್ಲ, ಅದು ಅವನ ರೂಢಿಯೇ ಆಗಿತ್ತು. ಆಮೇಲೆ ಯಾಕೋಬನ ಕಡೆಯವರು ಕೆಲವರು ಯೆರೂಸಲೇಮಿನಿಂದ ಬಂದರು. ಅವರು ಏನು ಹೇಳಿದರು ಅಂತ ಪತ್ರದಲ್ಲಿಲ್ಲ. ಅವರು ಬಂದ ಮೇಲೆ ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನು ಎದ್ದದ್ದು ನೋಡಿ ಉಳಿದ ಯೆಹೂದ್ಯರೂ ಎದ್ದರು. ಕೊನೆಗೆ ಬಾರ್ನಬನೂ ಎದ್ದ. ಈ ಜನರನ್ನು ಕೈಹಿಡಿದು ನಡೆಸಿದ್ದ ಬಾರ್ನಬ.

ಪೌಲ ಬಿಡಲಿಲ್ಲ. ಒಳಕೋಣೆಗೆ ಕರೆದು ಬುದ್ಧಿ ಹೇಳಲಿಲ್ಲ. ಎಲ್ಲರೆದುರು ಮುಖಕ್ಕೆ ಮುಖ ಕೊಟ್ಟು ಕೇಳಿದ. ಯೆಹೂದ್ಯನಾದ ನೀನೇ ಅನ್ಯಜನರ ಹಾಗೆ ಬದುಕುತ್ತಿದ್ದೆಯಲ್ಲ, ಈಗ ಅನ್ಯಜನರು ಯೆಹೂದ್ಯರ ಹಾಗೆ ಬದುಕಬೇಕು ಅಂತ ಹೇಗೆ ಬಲವಂತ ಮಾಡುತ್ತೀ ಅಂತ. ಇದಕ್ಕೆ ಅವನು ಬಳಸಿದ ಮಾತು ಕಪಟ. ಪೇತ್ರ ಯಾರನ್ನೂ ಬೈದಿರಲಿಲ್ಲ, ಹೊರಗೆ ಹೋಗಿ ಅಂದಿರಲಿಲ್ಲ. ಎದ್ದು ಬೇರೆ ಕೂತದ್ದು ಅಷ್ಟೇ. ಅಷ್ಟು ಸಾಕು ಅನ್ನೋದು ಪೌಲನಿಗೆ ಗೊತ್ತಿತ್ತು. ನಿಮಗೂ ರಕ್ಷಣೆಯಿದೆ ಆದರೆ ನಿಮ್ಮ ಜೊತೆ ಊಟ ಆಗೋದಿಲ್ಲ ಅಂದರೆ, ಆ ರಕ್ಷಣೆ ಎರಡನೇ ದರ್ಜೆಯದು. ಆ ಜನಕ್ಕೆ ಆಗ ಉಳಿಯೋದು ಎರಡೇ ದಾರಿ. ಇಲ್ಲ, ಮೈ ಕೊಯ್ಯಿಸಿಕೊಂಡು ಇನ್ನೊಬ್ಬರಾಗಬೇಕು. ಇಲ್ಲ, ಕೊನೆಯ ತನಕ ಬೇರೆ ಪಂಕ್ತಿಯಲ್ಲಿ ಕೂರಬೇಕು.

ಮುಂದೆ ಹದಿನಾರನೇ ಶತಮಾನದಲ್ಲಿ ಲೂಥರ್ ಈ ಪತ್ರ ಓದಿ, ಮನುಷ್ಯ ಪುಣ್ಯಕಾರ್ಯದಿಂದಲ್ಲ ನಂಬಿಕೆಯಿಂದ ಉದ್ಧಾರವಾಗುತ್ತಾನೆ ಅನ್ನುವ ತತ್ವವನ್ನು ಎತ್ತಿ ಹಿಡಿದ. ಪಾಪದ ಭಯದಲ್ಲಿ ನರಳುವ ಒಂಟಿ ಆತ್ಮದ ಪ್ರಶ್ನೆಯಾಗಿ ಅದನ್ನು ಓದಿದ. ಸ್ವೀಡನ್ನಿನ ವಿದ್ವಾಂಸ ಕ್ರಿಸ್ಟರ್ ಸ್ಟೆಂಡಾಲ್ 1963ರ ಒಂದು ಲೇಖನದಲ್ಲಿ ಇದನ್ನು ಪ್ರಶ್ನಿಸಿದರು. ಪೌಲನ ಎದುರಿಗಿದ್ದ ಪ್ರಶ್ನೆ ಒಂಟಿ ಆತ್ಮದ ನರಳಾಟವಲ್ಲ, ದೇವರ ಜನರ ನಡುವೆ ಅನ್ಯಜನರ ಜಾಗ ಯಾವುದು ಅನ್ನೋದು ಅಂತ ತೋರಿಸಿದರು. ನಮಗೂ ಈ ಓದು ಸರಿ ಅನ್ನಿಸುತ್ತದೆ. ನಂಬಿಕೆ ಅನ್ನುವ ದೊಡ್ಡ ಮಾತು ಪೌಲನ ಬಾಯಿಂದ ಬಂದದ್ದು ಧ್ಯಾನದಲ್ಲಿ ಕೂತಾಗಲ್ಲ, ಊಟದ ಜಗಳದ ನಡುವೆ.

ಪೇತ್ರನ ಮೇಲೆ ನಮಗೆ ಸಿಟ್ಟು ಬರುತ್ತದೆ. ಆದರೂ ಅವನ ಭಯ ಏನು ಅಂತ ತಿಳಿಯಬೇಕು. ಕಲಿಗುಲನ ವಿಗ್ರಹದ ಸುದ್ದಿಗೆ ಆಗಿನ್ನೂ ಹತ್ತು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಯೆರೂಸಲೇಮಿನಲ್ಲಿ ಯಾಕೋಬನ ಗುಂಪು ಕತ್ತಿಯ ಅಂಚಿನ ಮೇಲೆ ಬದುಕುತ್ತಿತ್ತು. ನಿಮ್ಮ ಮುಖಂಡ ಪರರ ಜೊತೆ ಉಣ್ಣುತ್ತಾನೆ ಅನ್ನುವ ಮಾತು ಊರು ತಲುಪಿದರೆ ಅವರ ಗತಿ ಏನು? 62ರಲ್ಲಿ ಯಾಕೋಬನನ್ನು ಕಲ್ಲು ಹೊಡೆಸಿ ಕೊಂದದ್ದನ್ನು ಯೋಸೇಫಸ್ ಅನ್ನುವ ಯೆಹೂದ್ಯ ಚರಿತ್ರೆಕಾರ ಬರೆದಿದ್ದಾನೆ. ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ಆ ಭಯದ ಬೆಲೆಯನ್ನು ಅಂತಿಯೋಕ್ಯದಲ್ಲಿ ತೆತ್ತವರು ಯಾರು? ಪಂಕ್ತಿಯಲ್ಲಿ ಕೂತೇ ಉಳಿದವರು.

ಜಗಳದಲ್ಲಿ ಗೆದ್ದವರು ಯಾರು? ಪೇತ್ರ ತಪ್ಪೊಪ್ಪಿಕೊಂಡ ಅಂತ ಪೌಲ ಎಲ್ಲೂ ಬರೆದಿಲ್ಲ. ಒಪ್ಪಿಕೊಂಡಿದ್ದರೆ ಬರೆಯದೆ ಬಿಡುವ ಆಸಾಮಿ ಅವನಲ್ಲ. ಅವತ್ತು ಪೌಲ ಸೋತ, ಅದಕ್ಕೇ ಅಂತಿಯೋಕ್ಯದಿಂದ ದೂರ ಹೋಗಿ ಬೇರೆ ಊರುಗಳಲ್ಲಿ ಸಭೆ ಕಟ್ಟಿದ ಅಂತ ಹೇಳುವ ವಿದ್ವಾಂಸರಿದ್ದಾರೆ. 'ಅಪೊಸ್ತಲರ ಕೃತ್ಯಗಳು' ಈ ಊಟದ ಜಗಳವನ್ನು ಹೇಳೋದೇ ಇಲ್ಲ. ಪೌಲ, ಬಾರ್ನಬ ಬೇರೆಯಾದದ್ದಕ್ಕೆ ಬೇರೆ ಕಾರಣ ಕೊಡುತ್ತದೆ. ಚಳವಳಿ ದೊಡ್ಡದಾದ ಮೇಲೆ ಬರೆದ ಚರಿತ್ರೆಯಲ್ಲಿ ಎದ್ದು ಹೋದವರ ಮಾತು ಇರೋದಿಲ್ಲ.

5

ಅಂತಿಯೋಕ್ಯದ ನಂತರ ಪೌಲ ಕಟ್ಟಿದ ಸಭೆಗಳಲ್ಲಿ ಬಹುಪಾಲು ಅನ್ಯಜನರೇ. ಅಲ್ಲಿ ಊಟ ಸರಿಯಾಯಿತೆ? ಕೊರಿಂಥದವರಿಗೆ ಅವನು ಬರೆದ ಮೊದಲ ಪತ್ರ ನೋಡಿ. ಪ್ರಭುವಿನ ಭೋಜನ ಅಂತ ಸೇರಿದವರಲ್ಲಿ ಅನುಕೂಲಸ್ಥರು ತಾವು ತಂದದ್ದನ್ನು ಮೊದಲೇ ಉಂಡು ಕುಡಿದು ಮತ್ತೇರಿ ಕೂರುತ್ತಿದ್ದರು. ಇಲ್ಲದವರು ಹಸಿದು ನೋಡುತ್ತಿದ್ದರು. ಪೌಲ ಅವರನ್ನು ಬೈದ. ಯೆಹೂದ್ಯ-ಅನ್ಯಜನ ಅನ್ನುವ ಗೋಡೆ ಬಿದ್ದ ಜಾಗದಲ್ಲೇ ಉಳ್ಳವರು-ಇಲ್ಲದವರು ಅನ್ನುವ ಗೋಡೆ ನಿಂತಿತ್ತು. ಕ್ರಿಸ್ತನಲ್ಲಿ ಗುಲಾಮ, ಒಡೆಯ ಅನ್ನುವ ಭೇದವಿಲ್ಲ ಅಂತ ಗಲಾತ್ಯದವರಿಗೆ ಬರೆದ ಪೌಲನೇ ಒನೇಸಿಮ ಅನ್ನುವ ಗುಲಾಮನನ್ನು ಅವನ ಒಡೆಯ ಫಿಲೆಮೋನನ ಬಳಿಗೆ ವಾಪಸು ಕಳಿಸಿದ. ಅಣ್ಣತಮ್ಮನ ಹಾಗೆ ನೋಡಿಕೋ ಅಂತ ಚೀಟಿ ಕೊಟ್ಟು ಕಳಿಸಿದ. ಕಳಿಸಿದ್ದಂತೂ ನಿಜ. ಗೋಡೆ ಒಡೆಯುವವನ ಕೈಯೂ ಒಂದು ಕಡೆ ನಡುಗುತ್ತದೆ.

ಆದರೂ ಪೌಲ ಒಂದು ಕೆಲಸ ಬಿಡಲಿಲ್ಲ. ಯೆರೂಸಲೇಮಿನ ಬಡವರಿಗಾಗಿ ಮಕೆದೋನ್ಯ, ಅಖಾಯ ಸೀಮೆಯ ಅನ್ಯಜನರಿಂದ ಚಂದಾ ಎತ್ತಿದ. ತಮ್ಮನ್ನು ಪಂಕ್ತಿಗೆ ಸೇರಿಸಲು ಹಿಂದೆಮುಂದೆ ನೋಡಿದವರ ಹೊಟ್ಟೆಗೆ ಅನ್ಯಜನರ ಕೈಯಿಂದ ಅನ್ನ. ಸುಮಾರು 57ರಲ್ಲಿ ಆ ಹಣ ಹಿಡಿದು ಯೆರೂಸಲೇಮಿಗೆ ಹೋದಾಗ, ಎಫೆಸದ ತ್ರೊಫಿಮ ಅನ್ನುವ ಗ್ರೀಕನನ್ನು ಅವನು ದೇವಾಲಯದ ಗೋಡೆ ದಾಟಿಸಿದ ಅಂತ ಗುಲ್ಲೆದ್ದಿತು. ಜನ ಹಿಡಿದು ಬಡಿದರು, ರೋಮನ್ನರು ಸೆರೆ ಹಾಕಿದರು. ಆ ಸೆರೆಯೇ ಅವನನ್ನು ರೋಮಿಗೆ ಒಯ್ದಿತು. ಅದೇ ಗಿಡ್ಡ ಗೋಡೆ.

ಆ ಪ್ರಯಾಣಕ್ಕೆ ಮೊದಲು ರೋಮಿನವರಿಗೆ ಬರೆದ ಪತ್ರದಲ್ಲಿ ಅವನು ಒಂದು ಎಣ್ಣೆಮರದ ಮಾತು ಹೇಳುತ್ತಾನೆ. ಅನ್ಯಜನರು ಕಾಡು ಆಲಿವ್ ಮರದ ಕೊಂಬೆ, ಯೆಹೂದ್ಯರ ಬೇರಿಗೆ ಕಸಿ ಮಾಡಿದ್ದು. ಮುರಿದ ಕೊಂಬೆಗಳನ್ನು ನೋಡಿ ಜಂಬ ಪಡಬೇಡಿ, ಬೇರು ನಿಮ್ಮನ್ನು ಹೊತ್ತಿದೆಯೇ ಹೊರತು ನೀವು ಬೇರನ್ನು ಹೊತ್ತಿಲ್ಲ ಅನ್ನೋದು ಅದರ ಸಾರ. ಒಳಗೆ ಬಂದವರು ಮುಂದೆ ಏನು ಮಾಡಬಹುದು ಅನ್ನೋದು ಅವನಿಗೆ ಮೊದಲೇ ಹೊಳೆದಿತ್ತು.

6

ಅವನ ಭಯ ನಿಜವಾಯಿತು. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟರು. 132ರಿಂದ 135ರ ದಂಗೆಯನ್ನು ಹೊಸಕಿ ಯೆಹೂದ್ಯರನ್ನು ಯೆರೂಸಲೇಮಿನಿಂದ ಹೊರಗಟ್ಟಿದರು. ಕ್ರೈಸ್ತ ಸಭೆಯಲ್ಲಿ ಅನ್ಯಜನರೇ ತುಂಬಿದರು. ಸುಮಾರು 144ರಲ್ಲಿ ಮಾರ್ಕಿಯೋನ್ ಅನ್ನುವವನು ಯೆಹೂದ್ಯರ ಗ್ರಂಥಗಳೇ ಬೇಡ ಅಂದ. ರೋಮಿನ ಸಭೆ ಅವನನ್ನು ಹೊರಹಾಕಿ ಗ್ರಂಥಗಳನ್ನು ಇಟ್ಟುಕೊಂಡಿತು. ಗ್ರಂಥ ಉಳಿಯಿತು, ಗ್ರಂಥದ ಜನ ಬೇಡವಾದರು. 380ರಲ್ಲಿ ಕ್ರೈಸ್ತ ಮತವೇ ಸಾಮ್ರಾಜ್ಯದ ಮತವಾಯಿತು.

386-387ರಲ್ಲಿ ಅಂತಿಯೋಕ್ಯದಲ್ಲಿ, ಅದೇ ಅಂತಿಯೋಕ್ಯದಲ್ಲಿ, ಯೋಹಾನ ಕ್ರಿಸೊಸ್ತೋಮ್ ಅನ್ನುವ ಪಾದ್ರಿ ಸಾಲು ಪ್ರವಚನ ಕೊಟ್ಟ. ಅಲ್ಲಿನ ಕ್ರೈಸ್ತರಲ್ಲಿ ಅನೇಕರು ಯೆಹೂದ್ಯರ ಹಬ್ಬಕ್ಕೆ ಹೋಗುತ್ತಿದ್ದರು, ಅವರ ಜೊತೆ ಉಪವಾಸ ಮಾಡುತ್ತಿದ್ದರು. ಜನಸಾಮಾನ್ಯರಿಗೆ ನೆರೆಹೊರೆ ಬೇಕಿತ್ತು. ಪಾದ್ರಿ ಯೆಹೂದ್ಯರನ್ನು ಬಾಯಿಗೆ ಬಂದಂತೆ ಜರೆದು, ಅವರ ಸಂಗ ಬಿಡಿ ಅಂತ ಗುಡುಗಿದ. ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಅದೇ ಊರಲ್ಲಿ ಪಂಕ್ತಿಯಿಂದ ದೂರ ಉಳಿದ ಅನ್ಯಜನರ ವಾರಸುದಾರರೇ ಈಗ ಪಂಕ್ತಿಯಿಂದ ಯೆಹೂದ್ಯರನ್ನು ಎಬ್ಬಿಸುತ್ತಿದ್ದರು. ಅಲ್ಲಿಂದ ಮುಂದಿನ ದಾರಿ ಲೋಕಕ್ಕೇ ಗೊತ್ತು. ಯೆಹೂದ್ಯರಿಗೆ ಬೇರೆ ಬಟ್ಟೆ, ಬೇರೆ ಕೇರಿ. 1492ರಲ್ಲಿ ಸ್ಪೇನಿನಿಂದ ಗಡೀಪಾರು. ಕೊನೆಗೆ ಇಪ್ಪತ್ತನೇ ಶತಮಾನದಲ್ಲಿ, ಕ್ರೈಸ್ತ ಯುರೋಪಿನ ನಡುಮನೆಯಲ್ಲಿ, ನಾಜಿಗಳ ಕೈಯಲ್ಲಿ 60 ಲಕ್ಷ ಯೆಹೂದ್ಯರ ಕೊಲೆ. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯೆಹೂದ್ಯ ಜನದ ಮೇಲೆ ಹೊರಿಸಬಾರದು ಅಂತ ರೋಮಿನ ಚರ್ಚು ಅಧಿಕೃತವಾಗಿ ಹೇಳಿದ್ದು 1965ರಲ್ಲಿ. ಆ ಹೊತ್ತಿಗೆ ಕೇಳಬೇಕಾದವರಲ್ಲಿ ಎಷ್ಟೋ ಜನ ಬೂದಿಯಾಗಿದ್ದರು.

7

ಈ ಸಂದೇಶ ನಮ್ಮ ನಾಡಿಗೂ ಬಂದಿತು. ಇಲ್ಲಿ ಎಲ್ಲರೂ ಅನ್ಯಜನರೇ. ಆದರೆ ಇಲ್ಲಿನ ಅನ್ಯಜನರು ಜಾತಿಯನ್ನು ಬಗಲಲ್ಲಿಟ್ಟುಕೊಂಡೇ ಒಳಗೆ ಹೋದರು. ಎಷ್ಟೋ ಚರ್ಚುಗಳಲ್ಲಿ ಮೇಲುಜಾತಿಗೊಂದು ಕಡೆ, ಕೆಳಜಾತಿಗೊಂದು ಕಡೆ. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿ ಬಿಡಲೇಬೇಕು ಅಂತ ಪತ್ರ ಬರೆದಾಗ ತಮಿಳು ಸೀಮೆಯಲ್ಲಿ ಮೇಲುಜಾತಿಯ ಕ್ರೈಸ್ತರು ಅನೇಕರು ಎದ್ದು ಹೋದರು. ತಿರುನಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಚರ್ಚಿಗೆ ಎರಡು ಕಾಲಿನ ಚಡ್ಡಿಯ ಹಾಗೆ ಎರಡು ಹಜಾರ. ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ನಡುವೆ ಗೋಡೆ. ಪಾದ್ರಿಗೆ ಎರಡೂ ಕಾಣುತ್ತಿತ್ತು, ಅವರಿಗೆ ಇವರು ಕಾಣುತ್ತಿರಲಿಲ್ಲ. ಗೋಡೆ ಒಡೆದದ್ದು 1910ರಲ್ಲಿ. ಸರ್ಕಾರವೂ ಹಿಂದೆ ಬೀಳಲಿಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಹಿಂದೂಗಳಿಗೆ ಮಾತ್ರ ಜಾಗವಿತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರನ್ನು ಸೇರಿಸಿಲ್ಲ. ಚರ್ಚಿನೊಳಗೆ ಅವನು ಹೊಲೆಯ, ಕಚೇರಿಯೊಳಗೆ ಅವನು ಕ್ರೈಸ್ತ.

ಹಾಗಾದರೆ ಅಂತಿಯೋಕ್ಯದಿಂದ ನಾವು ಕಲಿಯೋದು ಏನು? ಬಾಗಿಲು ತೆರೆದರು ಅನ್ನುವ ಸುದ್ದಿಯನ್ನು ಅರ್ಧ ಸುದ್ದಿ ಅಂತ ತಿಳಿಯಬೇಕು. ಒಳಗೆ ಹೋದವನು ಎಲ್ಲಿ ಕೂತ, ಅವನ ಪಕ್ಕದಲ್ಲಿ ಯಾರು ಕೂತರು, ಊರಿಂದ ದೊಡ್ಡವರು ಬಂದಾಗ ಯಾರು ಎದ್ದರು ಅಂತ ಕೇಳಬೇಕು. ನಮ್ಮ ಸಂಘಗಳನ್ನೂ ಹೀಗೆಯೇ ಕೇಳಬೇಕು, ನಮ್ಮೊಳಗಿನ ಎಡಗೈ ಬಲಗೈಯನ್ನೂ ಕೇಳಬೇಕು. ಪೌಲನ ಹಾಗೆ ಎಲ್ಲರೆದುರು ಕೇಳಬೇಕು, ಸೋತರೂ ಪರವಾಗಿಲ್ಲ. ನಾಳೆ ನಾವೇ ಒಳಗಿನವರಾದಾಗ ಯಾರನ್ನು ಎಬ್ಬಿಸುತ್ತೇವೆ ಅಂತಲೂ ಈಗಲೇ ಕೇಳಿಕೊಳ್ಳಬೇಕು.

ಪೇತ್ರ ಏನು ಮಾಡಿದ ಅಂತ ನಮಗೆ ಗೊತ್ತು. ಪೌಲ ಏನು ಹೇಳಿದ ಅಂತ ಗೊತ್ತು. ಬಾರ್ನಬನೂ ಎದ್ದ ಅಂತ ಗೊತ್ತು. ಅವತ್ತು ತಮ್ಮ ಎದುರಿನ ಜಾಗ ಒಂದೊಂದಾಗಿ ಖಾಲಿಯಾಗೋದನ್ನು ನೋಡುತ್ತಾ ಕೂತ ಆ ಅಂತಿಯೋಕ್ಯದವರು ಏನು ಅಂದರು, ಕೈಯಲ್ಲಿದ್ದ ತುತ್ತು ಏನು ಮಾಡಿದರು ಅನ್ನೋದನ್ನು ಯಾರೂ ಬರೆದಿಡಲಿಲ್ಲ.

ನಮ್ಮವ್ವ ಏನು ಮಾಡಿದಳು ಅಂತ ನಮಗೆ ಗೊತ್ತು. ಜೀಪಿನ ಧೂಳು ಅಡಗುವ ತನಕ ತಟ್ಟೆ ಹಿಡಿದು ನಿಂತಿದ್ದಳು. ಆಮೇಲೆ ಮರದ ಕೆಳಗೆ ಕೂತು, ಮುದ್ದೆ ಮುರಿದು, ಚಪ್ಪಾಳೆ ಹೊಡೆದು ಸುಸ್ತಾಗಿದ್ದ ನಮಗೆಲ್ಲ ಒಂದೊಂದು ತುತ್ತು ಕೊಟ್ಟಳು. ಕೊನೆಯ ತುತ್ತು ತಾನು ಉಂಡಳು.